ಆನ್‌ಲೈನ್ ತರಬೇತಿ ಮುಗಿದಿದೆ, ಸರ್ಟಿಫಿಕೇಟೂ ಬಂದಿದೆ. ಮಕ್ಕಳ ಓದು ಮಾತ್ರ ಅಲ್ಲೇ ಇದೆ. ಈಗೇನು ಮಾಡಲಿ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಐದು ತರಗತಿಗೆ ನಾವು ಇಬ್ಬರೇ ಶಿಕ್ಷಕರು. ಸರ್ಕಾರದ ದೀಕ್ಷಾ ಜಾಲತಾಣದಲ್ಲಿ ಶಿಕ್ಷಕರ ತರಬೇತಿಗೆಂದು ಇರುವ ನಿಷ್ಠಾ ಕೋರ್ಸ್‌ಗಳನ್ನೆಲ್ಲ ಮುಗಿಸಿದ್ದೇನೆ. ಆದರೂ ಮೂರು, ನಾಲ್ಕನೇ ತರಗತಿಯ ಕೆಲವು ಮಕ್ಕಳು ತಡವರಿಸಿ ಓದುತ್ತಾರೆ. ಬೋರ್ಡ್ ನೋಡಿ ಚೆನ್ನಾಗಿ ಬರೆಯುತ್ತಾರೆ, ಸ್ವಂತವಾಗಿ ಒಂದು ವಾಕ್ಯ ಬರೆಯಲ್ಲ. ಓದು-ಬರಹ ಕಲಿಸುವ ಬಗ್ಗೆ ಸಂಶೋಧನೆ ಆಧರಿಸಿದ ಆನ್‌ಲೈನ್ ಕೋರ್ಸ್‌ಗಳು ಬಂದಿವೆ, ನಮ್ಮ ಸಮಯಕ್ಕೆ ಮಾಡಿಕೊಳ್ಳಬಹುದು ಅಂತ ಕೇಳಿದೆ. ಕೆಲವಕ್ಕೆ ಫೀಸೂ ಇದೆ. ನನಗೆ ಬಿಡುವು ಸಿಗುವುದು ರಾತ್ರಿ ಊಟ ಆದ ಮೇಲೆ. ಯಾವುದಕ್ಕೆ ಸೇರಲಿ? ನಿಜವಾಗಿ ಪ್ರಯೋಜನ ಇದೆಯಾ?

ಉತ್ತರ: ಮೇಡಂ, ದುಡ್ಡು ಕೊಟ್ಟು ಇನ್ನೊಂದು ಕೋರ್ಸ್ ಸೇರುವ ಅಗತ್ಯ ನಿಮಗೆ ಸದ್ಯಕ್ಕಿಲ್ಲ. ನೀವು ಮುಗಿಸಿರುವ ಕೋರ್ಸ್‌ಗಳಲ್ಲೇ ಬೇಕಾದ್ದು ಸಾಕಷ್ಟಿದೆ. ಅದು ತರಗತಿಗೆ ಇಳಿದಿಲ್ಲ. ಅದಕ್ಕೆ ನಿಮ್ಮನ್ನೇ ಬೈದುಕೊಳ್ಳಬೇಡಿ. ವಿಡಿಯೊ ನೋಡಿ, ಕೊನೆಯ ಪ್ರಶ್ನೆಗಳಿಗೆ ಟಿಕ್ ಹಾಕುವ ತರಬೇತಿಯಿಂದ ಶಿಕ್ಷಕರಿಗೆ ವಿಷಯ ಗೊತ್ತಾಗುತ್ತದೆ. ಮಕ್ಕಳ ಓದಿಗೆ ಅದು ತಾನಾಗಿ ತಲುಪುವುದಿಲ್ಲ. ಜಗತ್ತಿನ ಬೇರೆ ಕಡೆಗಳಲ್ಲೂ ಇದೇ ಕಂಡಿದೆ.

ಅಮೆರಿಕದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. 90 ಶಾಲೆಗಳ ಎರಡನೇ ತರಗತಿ ಶಿಕ್ಷಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಓದು ಕಲಿಸುವ ಬಗ್ಗೆ ಗಟ್ಟಿ ತರಬೇತಿ. ಇನ್ನೊಂದಕ್ಕೆ ಅದೇ ತರಬೇತಿ, ಜೊತೆಗೆ ಶಾಲೆಯಲ್ಲೇ ಒಬ್ಬ ಮಾರ್ಗದರ್ಶಕರು. ಮೂರನೆಯದಕ್ಕೆ ಮಾಮೂಲಿ ತರಬೇತಿ. ಗಟ್ಟಿ ತರಬೇತಿ ಪಡೆದವರ ತಿಳಿವಳಿಕೆ ಹೆಚ್ಚಿತು, ಪಾಠದ ರೀತಿಯೂ ಒಂದಿಷ್ಟು ಬದಲಾಯಿತು. ಆದರೆ ವರ್ಷದ ಕೊನೆಗೆ ಮಕ್ಕಳ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ತರಬೇತಿ ಓದು ಕಲಿಕೆಯ ತಜ್ಞೆ ಲೂಯಿಸಾ ಮೋಟ್ಸ್ ರೂಪಿಸಿದ 'ಲೆಟರ್ಸ್' ಎಂಬ ಕೋರ್ಸನ್ನು ಆಧರಿಸಿತ್ತು.

ಮುಂದಿನದು ಕುತೂಹಲದ್ದು. ಅದೇ ಲೆಟರ್ಸ್ ಕೋರ್ಸನ್ನು ಮಿಸಿಸಿಪ್ಪಿ ರಾಜ್ಯವೂ ತನ್ನ ಶಿಕ್ಷಕರಿಗೆ ಕೊಟ್ಟಿತು. ನಾಲ್ಕನೇ ತರಗತಿಯ ಓದಿನಲ್ಲಿ ಆ ರಾಜ್ಯ 2013ರಲ್ಲಿ ದೇಶಕ್ಕೆ 49ನೇ ಸ್ಥಾನದಲ್ಲಿತ್ತು, 2024ರಲ್ಲಿ 9ಕ್ಕೆ ಬಂತು. ಕೋರ್ಸ್ ಒಂದೇ, ಫಲ ಬೇರೆ! ಅಲ್ಲಿ 2013ರಲ್ಲೇ ಒಂದು ಕಾನೂನು ಬಂದಿತ್ತು. ಹಿಂದುಳಿದ ಶಾಲೆಗಳಿಗೆ ಸರ್ಕಾರವೇ ಮಾರ್ಗದರ್ಶಕರನ್ನು ಕಳಿಸಿತು. ಒಂದನೇ ತರಗತಿಗೂ ಮೊದಲಿನಿಂದಲೇ ಪ್ರತಿ ಮಗುವಿನ ಓದನ್ನು ವರ್ಷಕ್ಕೆ ಹಲವು ಸಲ ಪರೀಕ್ಷಿಸಿದರು. ವರ್ಷಗಟ್ಟಲೆ ಬಿಡದೆ ಮಾಡಿದರು. ಓದು ಬಾರದ ಮಕ್ಕಳನ್ನು ಮೂರನೇ ತರಗತಿಯಲ್ಲೇ ಉಳಿಸಿಕೊಳ್ಳುವ ನಿಯಮವೂ ಇತ್ತು. ಏರಿಕೆಯಲ್ಲಿ ಅದರ ಪಾಲೆಷ್ಟು ಎಂಬ ಜಗಳ ಇನ್ನೂ ನಡೆದಿದೆ. ಏನೇ ಇರಲಿ, ಲೆಟರ್ಸ್ ಕೋರ್ಸ್ ಒಂದರಿಂದಲೇ ಹೀಗಾಯಿತು ಅಂತ ಯಾರೂ ಹೇಳಲಾರರು.

ನಿಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರವಾದದ್ದು ದಕ್ಷಿಣ ಆಫ್ರಿಕಾದ ಉದಾಹರಣೆ. ಅಲ್ಲಿ ಸೆಟ್ಸ್ವಾನಾ ಮಾತಾಡುವ ಮಕ್ಕಳ ಬಡ ಶಾಲೆಗಳಲ್ಲಿ ಎರಡು ಗುಂಪಿನ ಶಿಕ್ಷಕರಿಗೆ ಒಂದೇ ಬಗೆಯ ಪಾಠಯೋಜನೆ, ಒಂದೇ ಪುಸ್ತಕ ಕೊಟ್ಟರು. ಒಂದು ಗುಂಪನ್ನು ಕೇಂದ್ರಕ್ಕೆ ಕರೆಸಿ ತರಬೇತಿ ಕೊಟ್ಟರು. ಇನ್ನೊಂದು ಗುಂಪಿನ ತರಗತಿಗೇ ಮಾರ್ಗದರ್ಶಕರು ಹೋಗಿ ಕೂತರು. ಎರಡು ವರ್ಷದ ನಂತರ ನೋಡಿದರೆ, ತರಗತಿಗೇ ಹೋದ ಕಡೆ ಮಕ್ಕಳ ಗಳಿಕೆ ಸುಮಾರು ಎರಡು ಪಟ್ಟು. ಆಮೇಲೆ ಇನ್ನೊಂದು ಪ್ರಾಂತ್ಯದಲ್ಲಿ ಒಂದು ಗುಂಪಿನ ತರಗತಿಗೇ ಮಾರ್ಗದರ್ಶಕರನ್ನು ಕಳಿಸಿ, ಇನ್ನೊಂದಕ್ಕೆ ಟ್ಯಾಬ್ಲೆಟ್ ಕೊಟ್ಟು ಫೋನಿನಲ್ಲೇ ಮಾರ್ಗದರ್ಶನ ಮಾಡಿ ನೋಡಿದರು. ಮೊದಲ ವರ್ಷ ಎರಡೂ ಸಮ ಅನ್ನಿಸಿತು. ಮೂರು ವರ್ಷದ ಕೊನೆಗೆ ಮಾರ್ಗದರ್ಶಕರು ತರಗತಿಗೇ ಬಂದ ಕಡೆಯ ಮಕ್ಕಳು ಇಂಗ್ಲಿಷ್ ಓದಿನಲ್ಲಿ ಮುಂದಿದ್ದರು. ಫೋನಿನ ಗುಂಪಿಗೆ ಮಾತಾಡುವುದರಲ್ಲಿ ಸಣ್ಣ ಲಾಭ ಸಿಕ್ಕಿತು, ಓದಿನಲ್ಲಿ ಇಲ್ಲ.

ಇದನ್ನೆಲ್ಲ ಹೇಳಿದ್ದು ಆನ್‌ಲೈನ್ ಬೇಡ ಅನ್ನುವುದಕ್ಕಲ್ಲ. ನಿಮ್ಮಂಥವರಿಗೆ ರಾತ್ರಿ ಊಟವಾದ ಮೇಲೆ ಒಬ್ಬ ಒಳ್ಳೆ ತಜ್ಞರ ಪಾಠ ಕೇಳಲು ಬೇರೆ ದಾರಿಯೇ ಇಲ್ಲ. ಆದರೆ ರಾತ್ರಿ ನೋಡಿದ್ದನ್ನು ಬೆಳಿಗ್ಗೆ ಮಾಡಬೇಕು, ಮಾಡಿದ್ದನ್ನು ಇನ್ನೊಬ್ಬರು ನೋಡಬೇಕು. ಈ ಎರಡು ಕೊಂಡಿಗಳನ್ನು ಹೆಚ್ಚಿನ ಕೋರ್ಸ್‌ಗಳು ಹಾಕಿಕೊಡುವುದಿಲ್ಲ. ನೀವೇ ಹಾಕಿಕೊಳ್ಳಬೇಕು.

ಅದಕ್ಕೆ ಕೋರ್ಸ್ ಹುಡುಕುವ ಮೊದಲು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಓದಿಸಿ. ಪಠ್ಯಪುಸ್ತಕ ಬೇಡ, ಅದು ಅವರಿಗೆ ಬಾಯಿಪಾಠ ಆಗಿರುತ್ತದೆ. ನೀವೇ ಒಂದು ಚೀಟಿಯಲ್ಲಿ ಬರೆಯಿರಿ: 'ಅಜ್ಜಿ ಹಿತ್ತಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.' ಮಗು ಓದಿದ್ದನ್ನು ಇದ್ದ ಹಾಗೇ ಬರೆದುಕೊಳ್ಳಿ. ತಿದ್ದಬೇಡಿ.

ಒಂದು ಮಗು 'ಅಜಿ ಹಿತಲಲಿ ಬೆಳುಳಿ' ಅಂತ ಓದುತ್ತದೆ. ಇದಕ್ಕೆ ಕಾಗುಣಿತ ಬರುತ್ತದೆ, ಒತ್ತಕ್ಷರ ಬರಲ್ಲ. ಇನ್ನೊಂದು 'ಅಜ್ಜಿ ಹಿತ್ತಲಲ್ಲಿ ಬೆಳಗ್ಗೆ ಬಂದಳು' ಅಂತ ಸರಾಗವಾಗಿ ಹೇಳಿಬಿಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿದೆ. ಮೂರನೆಯದು ಒಂದಕ್ಷರವೂ ತಪ್ಪಿಲ್ಲದೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಕೊನೆ ಮುಟ್ಟುತ್ತದೆ. 'ಯಾರು ಏನು ಮಾಡ್ತಿದ್ರು?' ಅಂತ ಕೇಳಿದರೆ ನಿಮ್ಮ ಮುಖ ನೋಡುತ್ತದೆ. ನಾಲ್ಕನೆಯದು ಚೆನ್ನಾಗೇ ಓದುತ್ತದೆ, ಆದರೆ 'ಹಿತ್ತಲು' ಅಂದರೆ ಏನೆಂದು ಗೊತ್ತಿಲ್ಲ. ತಾಂಡಾದಿಂದ ಬರುವ, ಮನೆಯಲ್ಲಿ ಲಂಬಾಣಿ ಆಡುವ ಮಗು ಅದು. ನಾಲ್ವರಿಗೂ ನಾವು ಹಾಕುವ ಹೆಸರು ಒಂದೇ: 'ಓದಲು ಬಾರದವರು'. ಬೇಕಾದ ಪಾಠ ಮಾತ್ರ ಬೇರೆ ಬೇರೆ. ಈ ಚೀಟಿ ಕೈಯಲ್ಲಿದ್ದರೆ ಯಾವ ಮಾಡ್ಯೂಲ್ ಮತ್ತೆ ನೋಡಬೇಕು ಅನ್ನುವುದು ನಿಮಗೇ ತಿಳಿಯುತ್ತದೆ. ನಿಷ್ಠಾ 3.0ರಲ್ಲಿ ಬುನಾದಿ ಕಲಿಕೆಯ ಮೇಲೆ 12 ಕೋರ್ಸ್ ಇದ್ದವು. ಎಲ್ಲವನ್ನೂ ಮತ್ತೆ ನೋಡಬೇಕಿಲ್ಲ. ಓದು-ಬರಹದ ಭಾಗ, ಮೌಲ್ಯಮಾಪನದ ಭಾಗ, ಇಷ್ಟು ತೆರೆದರೆ ಸಾಕು.

ಈಗ 'ಸಂಶೋಧನೆ ಆಧರಿಸಿದ' ಅನ್ನುವ ಮಾತಿಗೆ ಬರೋಣ. ಇಂಗ್ಲಿಷ್ ಕೋರ್ಸ್‌ಗಳ ತಳದಲ್ಲಿ ಇರುವುದು ಬಹುಮಟ್ಟಿಗೆ ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಕೊಟ್ಟ ವರದಿ. ಪದದೊಳಗಿನ ಧ್ವನಿಗಳನ್ನು ಗುರುತಿಸುವುದು, ಅಕ್ಷರ-ಧ್ವನಿ ಸಂಬಂಧವನ್ನು ಕ್ರಮವಾಗಿ ಕಲಿಸುವುದು, ಸರಾಗ ಓದು, ಶಬ್ದಸಂಪತ್ತು, ಅರ್ಥಗ್ರಹಣ, ಈ ಐದನ್ನು ಅದು ಎತ್ತಿ ಹೇಳಿತು. ಕನ್ನಡಕ್ಕೂ ಐದೂ ಬೇಕು. ಆದರೆ ಅಳತೆ ಬೇರೆ, ಕ್ರಮ ಬೇರೆ. ಇಲ್ಲೇ ನಮ್ಮ ಶಿಕ್ಷಕರು ಎಡವುತ್ತಾರೆ.

ಇಂಗ್ಲಿಷ್‌ನಲ್ಲಿ ಅಕ್ಷರ ಬರೀ 26. ಅವು ಬೇಗ ಬರುತ್ತವೆ, ಸ್ಪೆಲಿಂಗ್ ಗೊಂದಲ ವರ್ಷಗಟ್ಟಲೆ ಕಾಡುತ್ತದೆ. ಕನ್ನಡದಲ್ಲಿ ಬರೆದದ್ದನ್ನು ಹಾಗೇ ಓದಬಹುದು, ಆ ಸುಖ ಇದೆ. ಆದರೆ 34 ವ್ಯಂಜನಕ್ಕೂ ಸ್ವರ ಸೇರಿಸಿದರೆ ರೂಪಗಳು 400 ದಾಟುತ್ತವೆ, ಅದರ ಮೇಲೆ ಒತ್ತಕ್ಷರ. ಬೆಂಗಳೂರಿನ ಮಕ್ಕಳ ಓದನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಕನ್ನಡ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ. ಮಕ್ಕಳಿಗೆ 'ಕ', 'ಮ' ಎಂಬ ಇಡೀ ಅಕ್ಷರದ ಸದ್ದು ಬೇಗ ಹಿಡಿಯುತ್ತದೆ. ಅದರೊಳಗಿನ ವ್ಯಂಜನ, ಸ್ವರಗಳನ್ನು ಬಿಡಿಸಿ ಗುರುತಿಸುವುದು ನಿಧಾನವಾಗಿ ಬರುತ್ತದೆ. ಹಾಗಾಗಿ ಮೂರನೇ ತರಗತಿ ಮಗುವಿಗೆ ಒತ್ತಕ್ಷರ ಬರದಿದ್ದರೆ ಗಾಬರಿ ಬೇಡ. ಕಲಿಸುವುದನ್ನು ನಿಲ್ಲಿಸಬೇಡಿ, ಅಷ್ಟೆ. ಎರಡನೇ ತರಗತಿಗೇ ಅಕ್ಷರ ಮುಗಿಯಿತು ಅಂತ ಪಾಠಕ್ಕೆ ಹೋಗಿಬಿಡುವುದು ನಮ್ಮಲ್ಲಿ ರೂಢಿ.

ಒತ್ತಕ್ಷರದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಯಾವ ಇಂಗ್ಲಿಷ್ ಕೋರ್ಸ್‌ನಲ್ಲೂ ಸಿಗಲ್ಲ. ಕನ್ನಡದ ಬಹುಪಾಲು ಒತ್ತುಗಳು ಮೂಲಾಕ್ಷರದ ತಲೆಕಟ್ಟು ತೆಗೆದ ಹಾಗೆ ಕಾಣುತ್ತವೆ. ಕ್ಕ, ಗ್ಗ, ಚ್ಚ, ದ್ದ ನೋಡಿ, ಮಗು ಊಹಿಸಬಲ್ಲದು. ಆದರೆ ತ, ನ, ಮ, ಯ, ರ, ಲ, ಈ ಆರರ ಒತ್ತು ಮೂಲದ ಹಾಗೆ ಕಾಣುವುದೇ ಇಲ್ಲ. ಅಮ್ಮ, ಅನ್ನ, ಎಲ್ಲಿ, ಹತ್ತು ಅಂತ ದಿನಾ ಬರುವ ಪದಗಳೆಲ್ಲ ಈ ಗುಂಪಿನವೇ. ಹಾಗಾಗಿ ಊಹಿಸಬಹುದಾದ ಸಜಾತಿ ಒತ್ತುಗಳಿಂದ ಶುರುಮಾಡಿ. ಆಮೇಲೆ ಈ ಆರನ್ನು ಒಂದೊಂದಾಗಿ, ಎದ್ದುಕಾಣುವ ಹಾಗೆ ಕಲಿಸಿ. ಕೊನೆಗೆ 'ಸ್ತ', 'ಷ್ಟ', 'ಕ್ರ'ದಂಥ ವಿಜಾತಿ. ಅರ್ಕಾವತ್ತಿಗೆ ಬೇರೆಯೇ ದಿನ ಇಡಿ, ಬರೆಯುವ ಕ್ರಮವೂ ಓದುವ ಕ್ರಮವೂ ಅಲ್ಲಿ ತಿರುವುಮುರುವು. ಒತ್ತು ಇದ್ದರೆ ಅರ್ಥವೇ ಬದಲಾಗುವ ಜೋಡಿಗಳನ್ನು ಬೋರ್ಡಿನಲ್ಲಿ ಬರೆಯಿರಿ: ಕತೆ, ಕತ್ತೆ. ಹಳಿ, ಹಳ್ಳಿ. ಬಳಿ, ಬಳ್ಳಿ. 'ಅಜ್ಜ ಕತ್ತೆ ಹೇಳಿದ' ಅಂತ ಓದಿಸಿ ನೋಡಿ. ನಗು ಬಂತೆಂದರೆ ಒತ್ತು ಕಂಡಿದೆ ಅಂತ ಲೆಕ್ಕ.

ಕಾಗುಣಿತದ ರಾಗವೂ ಅಷ್ಟೇ. 'ಕ ಗುಡಿಸು ಕಿ, ಕ ಕೊಂಬು ಕು' ಅಂತ ಹಾಡಿಸುವುದು ಕೆಟ್ಟದ್ದಲ್ಲ. ಆದರೆ ಮಗುವಿಗೆ ಬಂದಿರುವುದು ಹಾಡೋ ಅಕ್ಷರವೋ ಗೊತ್ತಾಗಬೇಕಲ್ವಾ? ಕಾರ್ಡುಗಳನ್ನು ಕಲಸಿ 'ಕೆ' ಒಂದನ್ನೇ ತೋರಿಸಿ. ಮಗು ಮೊದಲಿಂದ ಹಾಡಿಕೊಂಡು ಬಂದು 'ಕೆ' ಮುಟ್ಟಿದರೆ ಇನ್ನೂ ಕೆಲಸ ಇದೆ. ಅಡ್ಡಲಾಗಿಯೂ ಓದಿಸಿ: ಕಿ, ಗಿ, ಮಿ, ಸಿ. ಗುಡಿಸು ಎಲ್ಲಿ ಬಂದರೂ ಅದೇ ಸದ್ದು ಎಂಬುದು ಆಗ ಹೊಳೆಯುತ್ತದೆ. ಅಕ್ಷರದೊಳಗಿನ ಬಿಡಿ ಸದ್ದುಗಳನ್ನು ಗುರುತಿಸುವುದಕ್ಕೆ ಪುಸ್ತಕದ ಪಂಡಿತರು ಧ್ವನಿಮಾ ಅರಿವು ಅನ್ನುತ್ತಾರೆ, ಇದು ಅದಕ್ಕೆ ಮೆಟ್ಟಿಲು.

ನಿಮ್ಮ ನಲಿ-ಕಲಿ ಕಾರ್ಡುಗಳನ್ನೂ, ಅಂದರೆ ಸರ್ಕಾರಿ ಶಾಲೆಗಳ ಚಟುವಟಿಕೆ ಪಾಠದ ಕಾರ್ಡುಗಳನ್ನೂ, ಕಡೆಗಣಿಸಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಕ್ರಮ ಅಆಇಈ ಬಿಟ್ಟು 'ರ ಗ ಸ ದ ಅ'ದಿಂದ ಹೊರಡುತ್ತದೆ. ಐದೇ ಅಕ್ಷರ ಬಂದರೆ ಮಗು ಸರ, ದರ, ಅರಸ, ಅಗಸ, ಗರಗಸ ಓದಬಹುದು. ಕಲಿತ ಅಕ್ಷರದಿಂದಲೇ ಪದ ಓದಿಸಬೇಕು ಅಂತ ವಿದೇಶಿ ಕೋರ್ಸ್‌ಗಳು ಈಗ ಒತ್ತಿ ಹೇಳುವುದೂ ಇದನ್ನೇ.

ಸರಾಗ ಓದಿಗೆ ಬಹಳ ಸರಳ ಮದ್ದು ಇದೆ. ಐದಾರು ಸಾಲಿನ ಒಂದೇ ತುಣುಕನ್ನು ಮೊದಲು ನೀವು ಓದಿ, ಆಮೇಲೆ ಮಗುವಿನಿಂದ ಮೂರ್ನಾಲ್ಕು ಸಲ ಓದಿಸಿ. ಕೇಂದ್ರ ಸರ್ಕಾರದ ಬುನಾದಿ ಕಲಿಕೆಯ ಯೋಜನೆ ನಿಪುಣ್ ಭಾರತ್ ಮೂರನೇ ತರಗತಿ ಕೊನೆಗೆ ನಿಮಿಷಕ್ಕೆ 60 ಪದ ಅಂದಿದೆ. ಅದನ್ನೇ ಹಿಡಿದುಕೊಂಡು ಸ್ಟಾಪ್‌ವಾಚ್ ಇಟ್ಟು ಮಕ್ಕಳನ್ನು ಓಡಿಸಬೇಡಿ. 'ಓದಬೇಕಾಗಿದ್ದರಿಂದ' ಅನ್ನುವುದು ನಮಗೆ ಒಂದೇ ಪದ, ಹಿಂದಿಯಲ್ಲಿ ಅದು ನಾಲ್ಕೈದು ಪದ. ಭಾಷೆಗೆ ತಕ್ಕ ಅಳತೆ ಬೇಕು ಅಂತಲೇ 2022ರ ಮಾರ್ಚ್‌ನಲ್ಲಿ ಎನ್‌ಸಿಇಆರ್‌ಟಿ 20 ಭಾಷೆಗಳಲ್ಲಿ ಮೂರನೇ ತರಗತಿ ಮಕ್ಕಳನ್ನು ಬೇರೆ ಬೇರೆಯಾಗಿ ಓದಿಸಿ ನೋಡಿತು.

ಬರವಣಿಗೆಯ ಪ್ರಶ್ನೆ ನನಗೆ ಓದಿಗಿಂತ ಜಾಸ್ತಿ ಚಿಂತೆ ತರುತ್ತದೆ. ಯಾದಗಿರಿಯ ಶಾಲೆಗಳಲ್ಲೂ ಮಹಾರಾಷ್ಟ್ರದ ಪಾಲ್ಘರ್‌ನಲ್ಲೂ ಒಂದರಿಂದ ಮೂರನೇ ತರಗತಿವರೆಗೆ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ ಒಂದಿದೆ. ತರಗತಿಯಲ್ಲಿ ಬರವಣಿಗೆ ಅಂದರೆ ಹೆಚ್ಚಾಗಿ ನಕಲು ಮತ್ತು ಉಕ್ತಲೇಖನ ಎಂಬುದು ಅಲ್ಲೂ ಕಂಡಿತು. ಕಾಪಿ ಬರಹ ದುಂಡಗಿರುತ್ತದೆ, ಮೇಲಿನವರು ಬಂದಾಗ ತೋರಿಸಲು ಚೆಂದ. ಅದರಲ್ಲಿ ಮಗುವಿನ ಮಾತು ಇರುವುದಿಲ್ಲ.

ವಾರಕ್ಕೆ ಮೂರು ದಿನ, ಹತ್ತು ನಿಮಿಷ, ಮಗು ತನಗೆ ಬಂದ ಹಾಗೆ ಬರೆಯಲಿ. 'ನಾನು ಅಮನ ಜೋತೆ ಸಂತಿಗೆ ಹೋದೆ' ಅಂತ ಬರೆದರೆ ಕೆಂಪು ಪೆನ್ನು ತೆಗೆಯಬೇಡಿ. ಮೊದಲು 'ಸಂತೇಲಿ ಏನು ತಗೊಂಡ್ರಿ?' ಅಂತ ಕೇಳಿ, ಇನ್ನೊಂದು ಸಾಲು ಬರುತ್ತದೆ. ಆಮೇಲೆ ತಪ್ಪು ನೋಡಿ. 'ಅಮನ'ದಲ್ಲಿ ಒತ್ತು ಬಿದ್ದಿದೆ, 'ಜೋತೆ'ಯಲ್ಲಿ ಹ್ರಸ್ವ-ದೀರ್ಘ ಕಲೆಸಿದೆ. 'ಸಂತಿ' ಮಗುವಿನ ಮನೆಮಾತು, ಅದು ತಪ್ಪಲ್ಲ. ಪುಸ್ತಕದಲ್ಲಿ 'ಸಂತೆ' ಅಂತ ಬರೆಯುತ್ತಾರೆ ಅಂತ ಹೇಳಿದರೆ ಸಾಕು. ಒಂದು ದಿನಕ್ಕೆ ಒಂದೇ ಬಗೆಯ ತಪ್ಪು ತಿದ್ದಿ. ಇವತ್ತು ಒತ್ತು, ಅಷ್ಟೇ.

ನಾಲ್ಕು, ಐದನೇ ತರಗತಿಗೆ ವಾಕ್ಯ ಕೂಡಿಸುವ ಆಟ ಆಡಿಸಿ. 'ಮಳೆ ಬಂತು. ಹಳ್ಳ ತುಂಬಿತು. ನಾವು ಶಾಲೆಗೆ ಹೋಗಲಿಲ್ಲ.' ಮೂರನ್ನೂ ಒಂದೇ ವಾಕ್ಯ ಮಾಡಿ ಅನ್ನಿ. 'ಮಳೆ ಬಂದು ಹಳ್ಳ ತುಂಬಿದ್ದರಿಂದ...' ಅಂತ ಯಾರೋ ಒಬ್ಬ ಶುರುಮಾಡುತ್ತಾನೆ. ಕನ್ನಡ ಇದಕ್ಕೆ ಹೇಳಿ ಮಾಡಿಸಿದ ಭಾಷೆ. ಅಮೆರಿಕದ ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಕಲೆಹಾಕಿ 2007ರಲ್ಲಿ ಕೊಟ್ಟ ವರದಿಯಲ್ಲಿ ವಾಕ್ಯ ಕೂಡಿಸುವುದು, ಸಾರಾಂಶ ಬರೆಸುವುದು, ಬರೆಯುವ ಮೊದಲು ಯೋಜಿಸುವ ಕ್ರಮವನ್ನು ಕಲಿಸುವುದು ಫಲ ಕೊಟ್ಟವುಗಳ ಪಟ್ಟಿಯಲ್ಲಿವೆ. ಬರೀ ವ್ಯಾಕರಣ ಪಾಠ ಅದರಲ್ಲಿಲ್ಲ. ಅವರು ನೋಡಿದ್ದು ನಾಲ್ಕನೇ ತರಗತಿಯಿಂದ ಮೇಲಿನವರನ್ನು, ಅದು ನೆನಪಿರಲಿ.

ಐದು ತರಗತಿಗೆ ಇಬ್ಬರೇ ಅಂದಿರಿ. ದಿನಕ್ಕೆ ಮುಕ್ಕಾಲು ಗಂಟೆ ಮೂರರಿಂದ ಐದನೇ ತರಗತಿಯವರನ್ನು ತರಗತಿ ಬಿಟ್ಟು ಮಟ್ಟದ ಮೇಲೆ ಗುಂಪು ಮಾಡಿ. ಅಕ್ಷರದವರು, ಪದದವರು, ಕತೆ ಓದುವವರು. 'ಪ್ರಥಮ್' ಸಂಸ್ಥೆ ದೇಶದಾದ್ಯಂತ ಮಾಡಿಸಿದ್ದು, ನಮ್ಮಲ್ಲಿ 'ಓದು ಕರ್ನಾಟಕ' ಹೆಸರಿನಲ್ಲಿ ಬಂದದ್ದು ಇದೇ. ಅಕ್ಷರದ ಗುಂಪನ್ನು ಮಾತ್ರ ನೀವೇ ಇಟ್ಟುಕೊಳ್ಳಿ. ಚೆನ್ನಾಗಿ ಓದುವವರನ್ನು ಶಿಕ್ಷಕರು ಹತ್ತಿರ ಇಟ್ಟುಕೊಂಡು, ಬಾರದವರನ್ನು ಇನ್ನೊಂದು ಮಗುವಿಗೆ ಒಪ್ಪಿಸುವುದೇ ಜಾಸ್ತಿ.

ಇಷ್ಟಾದ ಮೇಲೂ ಕೋರ್ಸ್ ಬೇಕು ಅನ್ನಿಸಿದರೆ ಸೇರಿ. ಸೇರುವ ಮೊದಲು ಮಾದರಿ ಪಾಠ ಒಂದನ್ನು ಬಿಟ್ಟಿ ತೋರಿಸಿ ಅಂತ ಕೇಳಿ. ಅದರಲ್ಲಿ ನಿಜವಾದ ತರಗತಿ, ನಿಜವಾದ ಮಗು ಇದೆಯಾ ನೋಡಿ. ಬರೀ ಸ್ಲೈಡ್ ಓದಿದರೆ ಬೇಡ. ಒತ್ತಕ್ಷರದ ಬಗ್ಗೆ, ಮನೆಮಾತು ಬೇರೆ ಇರುವ ಮಕ್ಕಳ ಬಗ್ಗೆ ಏನಾದರೂ ಇದೆಯಾ ಕೇಳಿ. ಹಿಂದಿಯ ಕೋರ್ಸ್ ಆದರೂ ಪರವಾಗಿಲ್ಲ, ಸ್ವರಚಿಹ್ನೆ, ಕೂಡಕ್ಷರ ಅಲ್ಲೂ ಇವೆ, ಇಂಗ್ಲಿಷ್‌ನದಕ್ಕಿಂತ ನಮಗೆ ಹತ್ತಿರ. ನೀವು ಮಾಡಿದ ಪಾಠದ ವಿಡಿಯೊ ಅಥವಾ ಮಕ್ಕಳ ಬರಹ ಕಳಿಸಿದರೆ ಯಾರಾದರೂ ನೋಡಿ ಉತ್ತರ ಕೊಡುತ್ತಾರಾ? ಇದೇ ಮುಖ್ಯ ಪ್ರಶ್ನೆ. ಕೊಡುತ್ತಾರೆ ಅಂದರೆ ಫೀಸಿಗೆ ಅರ್ಥವಿದೆ. 'ಆಜೀವ ಪ್ರವೇಶ' ಅನ್ನುವ ಮಾತಿಗೆ ಮರುಳಾಗಬೇಡಿ. ಯಾವಾಗ ಬೇಕಾದರೂ ನೋಡಬಹುದಾದದ್ದನ್ನು ನಾವು ಯಾವಾಗಲೂ ನೋಡುವುದಿಲ್ಲ. ವಾರವಾರ ಗಡುವು ಇರುವ, ಆದರೆ ದಿನ ಮತ್ತು ಹೊತ್ತು ನಿಮಗೇ ಬಿಟ್ಟಿರುವ ಕೋರ್ಸ್ ನಿಮ್ಮಂಥವರಿಗೆ ಸರಿ.

ಕನ್ನಡದಲ್ಲೇ, ಬಿಟ್ಟಿಯಾಗಿ ಓದಲು ಟೆಸ್-ಇಂಡಿಯಾದ ಭಾಷೆ ಮತ್ತು ಸಾಕ್ಷರತೆಯ ಘಟಕಗಳಿವೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಇಲ್ಲಿಯವರ ಜೊತೆ ಸೇರಿ ಮಾಡಿದ್ದು. ಕತೆ ಹೇಳುವುದು, ಗಟ್ಟಿಯಾಗಿ ಓದುವುದು, ಜೋಡಿ ಕೆಲಸ ಇವಕ್ಕೆ ಚೆನ್ನಾಗಿವೆ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕು ಅನ್ನುವುದನ್ನು ಅದರಿಂದ ನಿರೀಕ್ಷಿಸಬೇಡಿ. ಓದಲು ಪುಸ್ತಕ ಇಲ್ಲ ಅಂದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಮಟ್ಟದ ಪ್ರಕಾರ ಸಿಗುತ್ತವೆ, ಪ್ರಿಂಟ್ ತೆಗೆಯಲು ಯಾರ ಅಪ್ಪಣೆಯೂ ಬೇಡ. 'ಹಿತ್ತಲು' ಗೊತ್ತಿಲ್ಲದ ನಿಮ್ಮ ತಾಂಡಾದ ಮಗುವಿಗೆ ದಿನಾ ಒಂದು ಕತೆ ಓದಿ ಹೇಳಿ, ಮಾತಾಡಿಸಿ. ಆ ಮಗುವಿಗೆ ಅಕ್ಷರದ ಪಾಠ ಇನ್ನಷ್ಟು ಕೊಟ್ಟು ಪ್ರಯೋಜನವಿಲ್ಲ.

ಇನ್ನು ಆ ಎರಡನೇ ಕೊಂಡಿ. ಸಿಆರ್‌ಪಿಯವರು, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಬಂದು ನಿಮ್ಮ ಪಾಠ ನೋಡುತ್ತಾರೆ ಅಂತ ಕಾಯಬೇಡಿ. ಅವರಿಗೆ ಮಾಹಿತಿ ತುಂಬಿಸುವುದರಲ್ಲೇ ದಿನ ಹೋಗುತ್ತದೆ. ಜೊತೆಯ ಶಿಕ್ಷಕರನ್ನೇ ಹಿಡಿಯಿರಿ. ವಾರಕ್ಕೊಂದು ದಿನ ಅವರು ಹತ್ತು ನಿಮಿಷ ನಿಮ್ಮ ಅಕ್ಷರದ ಗುಂಪಿನ ಪಕ್ಕ ಕೂತು, ಯಾವ ಮಗು ಎಷ್ಟು ಸಲ ಬಾಯಿಬಿಟ್ಟು ಓದಿತು ಅಂತ ಗೆರೆ ಎಳೆಯಲಿ. ಅಷ್ಟೇ ಕೆಲಸ, ಟೀಕೆ ಬೇಡ. ಮುಂದಿನ ವಾರ ನೀವು ಅವರದ್ದನ್ನು ನೋಡಿ. ಕ್ಲಸ್ಟರ್ ಸಮಾಲೋಚನಾ ಸಭೆಗೆ ಹೋಗುವಾಗ ಆ 'ಅಜ್ಜಿ ಹಿತ್ತಲಲ್ಲಿ' ಚೀಟಿಗಳನ್ನೂ ಮಕ್ಕಳ ಎರಡು ನೋಟ್‌ಬುಕ್‌ಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಅಲ್ಲಿ ಸುತ್ತೋಲೆ ಓದಿ ಮುಗಿಸಿದ ಮೇಲೆ ಚಹಾ ಬರುವಷ್ಟರಲ್ಲಿ, 'ಈ ಮಗುವಿಗೆ ನೀವಾದ್ರೆ ಏನು ಮಾಡ್ತಿದ್ರಿ?' ಅಂತ ಪಕ್ಕದ ಶಾಲೆಯವರನ್ನು ಕೇಳಿ. ಮೂರು ತಿಂಗಳ ನಂತರ ಹೊಸ ವಾಕ್ಯ ಕೊಟ್ಟು ಅದೇ ಮಕ್ಕಳನ್ನು ಮತ್ತೆ ಓದಿಸಿ. ಒತ್ತು ಬಿಡುತ್ತಿದ್ದ ಮಗು ಆಗಲೂ ಬಿಟ್ಟರೆ ನನಗೆ ಮತ್ತೆ ಬರೆಯಿರಿ. ಸರ್ಟಿಫಿಕೇಟ್ ಕಳಿಸಬೇಡಿ, ಆ ಎರಡು ಚೀಟಿ ಕಳಿಸಿ.